ತಣ್ಣೀರು ಕುಡಿದಳೇನು ಎಂದು ಕೇಳಬೇಡಿ

ಹಡೆದು ವಾರ ತುಂಬದ ಹೆಣ್ಣುಮಗಳೊಬ್ಬಳು ರಾತ್ರಿಯಿಡೀ ಕಣ್ಣು ಮುಚ್ಚದೆ ಮಾತಾಡತೊಡಗಿದಳೆಂದರೆ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಮನೆಗಳಲ್ಲಿ ಪ್ರಶ್ನೆಗಳು ಸಿದ್ಧವಾಗಿಯೇ ಇರುತ್ತವೆ. ತಣ್ಣೀರು ಕುಡುದ್ಲೇನು? ತಲಿಗೆ ಕಟ್ಟಿಗೊಂಡಿದ್ದಿಲ್ಲೇನು? ಮುಸ್ಸಂಜಿ ಹೊತ್ತಿನ್ಯಾಗ ಹೊಸ್ತಿಲಾ ದಾಟಿದ್ಲೇನು? ಪಥ್ಯ ತಪ್ಪಿತೇನು? ಈಚೆಗೆ ಇನ್ನೊಂದು ಸೇರಿದೆ: ಮೊಬೈಲ್ ನೋಡ್ಕೋತ ಕುಂತಿದ್ಲೇನು? ಬಂದವರು ಹತ್ತು ಬಗೆಯಲ್ಲಿ ಕೇಳಿದರೂ ಕೇಳುವುದು ಒಂದನ್ನೇ. ಬಾಣಂತನ ಎಲ್ಲಿ ಕೆಟ್ಟಿತು, ಕೆಡಿಸಿದವರು ಯಾರು? ಬಾಣಂತಿ ಸನ್ನಿ ಬಂದಿದೆ ಎಂದರೆ ಆರೈಕೆ ಮಾಡಿದ ಕೈ ತಪ್ಪಿರಲೇಬೇಕು, ಇಲ್ಲವೇ ಮಾಡಿಸಿಕೊಂಡವಳು ಮಾತು ಮೀರಿರಲೇಬೇಕು ಎಂಬುದು ಇಲ್ಲಿ ಚರ್ಚೆಗೆ ಅವಕಾಶವಿಲ್ಲದ ನಂಬಿಕೆ.

ಅಜ್ಜಿಯರ ಮಾತೆಂದು ಇದನ್ನು ಬದಿಗೆ ಸರಿಸುವಂತಿಲ್ಲ. ಓದಿದವರೂ ಇದನ್ನೇ ಹೇಳುತ್ತಾರೆ, ಹೇಳುವ ಬಗೆ ಮಾತ್ರ ಬೇರೆ. ಪಶ್ಚಿಮದ ಹೆಂಗಸರಿಗೆ ಹೆತ್ತ ಮೇಲೆ ಮನಸ್ಸಿನ ಕಾಯಿಲೆ ಬರುತ್ತದೆ, ಏಕೆಂದರೆ ಅಲ್ಲಿ ತವರಿಲ್ಲ, ಎಣ್ಣೆನೀರಿಲ್ಲ, ಕೂಸು ಎತ್ತಿಕೊಳ್ಳಲು ಅಜ್ಜಿಯಿಲ್ಲ. ನಮ್ಮ ಹಿರಿಯರು ಎಲ್ಲಕ್ಕೂ ಬಾಣಂತನದಲ್ಲೇ ಪರಿಹಾರ ಇಟ್ಟಿದ್ದಾರೆ, ಅದನ್ನು ಬಿಟ್ಟವರಿಗಷ್ಟೇ ಅಪಾಯ ಎನ್ನುತ್ತಾರೆ. ಸಭೆಗಳಲ್ಲಿ, ಮಹಿಳಾ ಪುಟಗಳಲ್ಲಿ, ಮೊಬೈಲಿಗೆ ಬಂದು ಬೀಳುವ ವಿಡಿಯೋಗಳಲ್ಲಿ ಈ ಮಾತು ಕೇಳದವರಿಲ್ಲ. ಇದು ಸುಳ್ಳು. ಬರಿಯ ಸುಳ್ಳಾಗಿದ್ದರೆ ಸುಮ್ಮನಿರಬಹುದಿತ್ತು. ಈ ಸುಳ್ಳಿನಿಂದ ಬಾಣಂತಿಯರು ಸಾಯುತ್ತಾರೆ, ಕೂಸುಗಳು ಸಾಯುತ್ತವೆ, ಬದುಕಿದವರ ಬಾಳು ಒಡೆಯುತ್ತದೆ.

ಕಾಯಿಲೆ ಹೇಗಿರುತ್ತದೆ ಎಂಬುದನ್ನು ಮೊದಲು ನೋಡಬೇಕು. ಹಡೆದ ಮೂರನೆಯ ದಿನವೋ ಐದನೆಯ ದಿನವೋ ನಿದ್ದೆ ಹೋಗುತ್ತದೆ. ಕೂಸು ಮಲಗಿದರೂ ತಾನು ಮಲಗಳು, ಮಲಗಬೇಕೆಂದು ಅನಿಸುವುದೂ ಇಲ್ಲ. ಮಾತು ಹೆಚ್ಚುತ್ತದೆ. ಈ ಗಳಿಗೆ ನಗು, ಮರುಗಳಿಗೆ ಅಳು. ಬೆಳಗ್ಗೆ ಸರಿಯಿದ್ದವಳು ಮಧ್ಯಾಹ್ನ ತಾನು ಯಾರ ಮನೆಯಲ್ಲಿದ್ದೇನೆಂದು ಕೇಳುತ್ತಾಳೆ, ಸಂಜೆ ಮತ್ತೆ ಕೂಸಿಗೆ ಹಾಲೂಡಿಸುತ್ತ ಕುಳಿತಿರುತ್ತಾಳೆ. ಈ ಏರಿಳಿತವೇ ಮನೆಯವರನ್ನು ಮೋಸಗೊಳಿಸುವುದು. "ಈಗ ಆರಾಮ ಆಗ್ಯಾಳ್ರಿ, ನಿನ್ನಿ ಒಂದೀಟು ಏನೇನೋ ಮಾತಾಡಿದ್ಲು" ಎಂದು ಸಮಾಧಾನಪಡುತ್ತಾರೆ. ಆಮೇಲೆ ಸಂಶಯ ಶುರುವಾಗುತ್ತದೆ. ಅನ್ನದಾಗ ಏನೋ ಹಾಕ್ಯಾರ. ಇದು ನನ್ನ ಕೂಸಲ್ಲ, ದವಾಖಾನ್ಯಾಗ ಬದಲಿ ಮಾಡ್ಯಾರ. ಇದರ ಮೈಯಾಗ ದೇವರು ಬಂದಾನ. ಕೆಲವರಿಗೆ ದನಿಗಳು ಕೇಳಿಸುತ್ತವೆ, ಆ ದನಿಗಳು ಅಪ್ಪಣೆ ಕೊಡುತ್ತವೆ. ಬಹುಪಾಲು ಹೆಂಗಸರಲ್ಲಿ ಇದೆಲ್ಲ ಹಡೆದ ಎರಡು ವಾರದೊಳಗೇ ಶುರುವಾಗುತ್ತದೆ. ಮನೋವೈದ್ಯರು ಇದನ್ನು ತುರ್ತು ಸ್ಥಿತಿ ಎಂದು ಕರೆಯುತ್ತಾರೆ. ನಾಳೆ ನೋಡೋಣ, ಅಮಾವಾಸ್ಯೆ ಕಳೀಲಿ ಎನ್ನುವ ಕಾಯಿಲೆ ಇದಲ್ಲ.

ಹಾಗಾದರೆ ಬಾಣಂತನ ಸರಿಯಿದ್ದರೆ ಇದು ಬರುವುದಿಲ್ಲವೇ? ಲೆಕ್ಕ ಬೇರೆಯೇ ಹೇಳುತ್ತದೆ. ಬಾಣಂತನವೆಂಬುದೇ ಇಲ್ಲದ ದೇಶಗಳಲ್ಲೂ ನಲವತ್ತು ದಿನ ಹೊಸ್ತಿಲು ದಾಟಗೊಡದ ದೇಶಗಳಲ್ಲೂ ಇದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬರುತ್ತದೆ: ಸಾವಿರ ಹೆರಿಗೆಗೆ ಒಂದು ಇಲ್ಲವೇ ಎರಡು. ಬೇರೆ ಬೇರೆ ಸಂಸ್ಕೃತಿಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಲಂಡನ್ನಿನ ಮನೋವೈದ್ಯ ಚನ್ನಿ ಕುಮಾರ್ 1994ರಲ್ಲೇ ಇದನ್ನು ಬರೆದರು. ಎಡಿನ್‌ಬರೋದಲ್ಲಿ ರಾಬರ್ಟ್ ಕೆಂಡಲ್ ಮತ್ತು ಸಂಗಡಿಗರು 54 ಸಾವಿರಕ್ಕೂ ಹೆಚ್ಚು ಹೆರಿಗೆಗಳ ದಾಖಲೆ ಜೋಡಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನವೂ ಕಣ್ಣು ತೆರೆಸುವಂಥದ್ದು. ಹೆತ್ತ ಮೊದಲ 30 ದಿನಗಳಲ್ಲಿ ಹೆಣ್ಣೊಬ್ಬಳು ತೀವ್ರ ಮನೋರೋಗದಿಂದ ಆಸ್ಪತ್ರೆ ಸೇರುವ ಸಂಭವ ಬಸಿರಿಗೆ ಮುಂಚಿನ ಕಾಲಕ್ಕಿಂತ 20 ಪಟ್ಟಿಗೂ ಹೆಚ್ಚು. ಹೆಣ್ಣಿನ ಬದುಕಿನಲ್ಲಿ ಮನಸ್ಸು ಇಷ್ಟು ಅಪಾಯಕ್ಕೆ ಒಡ್ಡಿಕೊಳ್ಳುವ ಇನ್ನೊಂದು ತಿಂಗಳಿಲ್ಲ.

ಇದನ್ನು ನಮ್ಮ ಜಿಲ್ಲೆಗೆ ತಂದು ನೋಡಿ. 2011ರ ಜನಗಣತಿಯಲ್ಲಿ ಹಾವೇರಿ ಜಿಲ್ಲೆಯ ಜನ ಸುಮಾರು 16 ಲಕ್ಷ. ವರ್ಷಕ್ಕೆ ಸಾವಿರ ಜನಕ್ಕೆ 15 ಹುಟ್ಟು ಎಂದು ಕಡಿಮೆಯೇ ಹಿಡಿದರೂ 24 ಸಾವಿರ ಹೆರಿಗೆ. ಅಂದರೆ ಜಿಲ್ಲೆಯಲ್ಲಿ ವರ್ಷಕ್ಕೆ 24ರಿಂದ 48 ಹೆಂಗಸರಿಗೆ ಈ ಕಾಯಿಲೆ ಬರುತ್ತದೆ, ಬಂದೇ ಬರುತ್ತದೆ. ಮೊದಲು ಹೇಳಿದ ನಾಲ್ಕು ತಾಲೂಕುಗಳ ಪಾಲಿಗೆ ಕನಿಷ್ಠ ಹತ್ತು ಹನ್ನೆರಡು ಮಂದಿ. ತಿಂಗಳಿಗೊಬ್ಬಳು ಎಂದಿಟ್ಟುಕೊಳ್ಳಿ. ಎಲ್ಲಿದ್ದಾರೆ ಅವರು? ಯಾವ ಆಸ್ಪತ್ರೆಯ ಯಾವ ಪುಸ್ತಕದಲ್ಲಿ ಅವರ ಹೆಸರಿದೆ? ನಮ್ಮಲ್ಲಿ ಆ ಕಾಯಿಲೆ ಇಲ್ಲ ಎನ್ನುವವರು ಮೊದಲು ಇದಕ್ಕೆ ಉತ್ತರ ಕೊಡಲಿ.

ಕಾರಣ ಬಾಣಂತಿಯ ಕೋಣೆಯಲ್ಲಿಲ್ಲ, ಅವಳ ಮೈಯಲ್ಲಿದೆ. ಒಂಬತ್ತು ತಿಂಗಳು ಏರಿ ನಿಂತಿದ್ದ ಈಸ್ಟ್ರೋಜನ್, ಪ್ರೊಜೆಸ್ಟರಾನ್‌ಗಳು ಮಾಸು ಬಿದ್ದ ಕೆಲವೇ ದಿನಗಳಲ್ಲಿ ತಳಕ್ಕಿಳಿಯುತ್ತವೆ. ಅದರ ಜೊತೆಗೇ ಹೆರಿಗೆ ನೋವಿನ ರಾತ್ರಿಯಿಂದ ಶುರುವಾದ ನಿದ್ದೆಗೇಡು. ಎಲ್ಲ ಹೆಂಗಸರಿಗೂ ಆಗುವುದು ಇದೇ, ಆದರೆ ಕೆಲವರ ಮಿದುಳು ಈ ಹೊಡೆತವನ್ನು ತಾಳದಂತೆ ಹುಟ್ಟಿನಿಂದಲೇ ಇರುತ್ತದೆ. ಬೈಪೋಲಾರ್ ಎಂಬ, ಮನಸ್ಸು ಮಿತಿಮೀರಿ ಏರಿ ಮಿತಿಮೀರಿ ಇಳಿಯುವ ಕಾಯಿಲೆ ತನಗೋ ಹತ್ತಿರದ ರಕ್ತಸಂಬಂಧಿಗಳಿಗೋ ಇದ್ದವರಿಗೆ ಅಪಾಯ ಬಹಳ ಹೆಚ್ಚು. ಚೊಚ್ಚಲ ಹೆರಿಗೆಯಲ್ಲಿ ಹೆಚ್ಚು. ಕೆಲವರಲ್ಲಿ ಥೈರಾಯ್ಡ್ ಗ್ರಂಥಿಯ ತೊಂದರೆ, ಮೈಯ ರೋಗನಿರೋಧಕ ಶಕ್ತಿ ಮಿದುಳಿನ ಮೇಲೆಯೇ ತಿರುಗಿ ಬೀಳುವ ಉರಿಯೂತ ಕೂಡ ಇದೇ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ. ಈ ಪಟ್ಟಿಯಲ್ಲಿ ತಣ್ಣೀರಿಲ್ಲ, ಗಾಳಿಯಿಲ್ಲ, ಹೊಸ್ತಿಲಿಲ್ಲ.

ಇಲ್ಲಿ ಇನ್ನೊಂದು ವರ್ಗದವರೊಂದಿಗೂ ನನ್ನ ತಕರಾರಿದೆ. ಹೆಣ್ಣು ಹುಟ್ಟಿತೆಂದು ಮನೆಯವರು ಮುಖ ಸಿಂಡರಿಸಿದರು, ಅತ್ತೆ ಕಾಡಿದಳು, ಗಂಡ ನೋಡಲು ಬರಲಿಲ್ಲ, ಅದಕ್ಕೇ ತಲೆ ಕೆಟ್ಟಿತು ಎಂದು ಕಥೆ ಹೆಣೆಯುವ ಪ್ರಗತಿಪರರು ಇವರು. ಹೆತ್ತ ಮೇಲಿನ ಖಿನ್ನತೆಗೆ ಈ ಮಾತು ಸಲ್ಲುತ್ತದೆ. ನೆರೆಯ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಣಂತಿಯರ ಪೈಕಿ ಶೇ. 23ರಷ್ಟು ಮಂದಿಗೆ ಖಿನ್ನತೆಯಿತ್ತು. ಬಡತನ, ಗಂಡನ ಹಿಂಸೆ, ಗಂಡಿನ ಹಂಬಲದ ಮನೆಯಲ್ಲಿ ಹುಟ್ಟಿದ ಹೆಣ್ಣು ಅದಕ್ಕೆ ಗಟ್ಟಿ ಕಾರಣಗಳಾಗಿದ್ದವು. ಅದು ನಿಧಾನವಾಗಿ ಕವಿಯುವ ಕಾಯಿಲೆ, ಅದರಲ್ಲಿ ಮನೆಯವರ ಪಾಲಿದೆ. ಸನ್ನಿ ಹಾಗಲ್ಲ. ಹೂವಿನಂತೆ ನೋಡಿಕೊಂಡ ಮನೆಯಲ್ಲೂ ಬರುತ್ತದೆ, ಗಂಡು ಹುಟ್ಟಿ ಪೇಡೆ ಹಂಚಿದ ಮನೆಯಲ್ಲೂ ಬರುತ್ತದೆ. ಎರಡನ್ನೂ ಒಂದೇ ಮಾಡಿ ಬರೆಯುವವರು, ಅವರ ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಕಾಯಿಲೆಯ ಹೊಣೆಯನ್ನು ಮತ್ತೆ ಮನೆಯ ಹೆಂಗಸರ ತಲೆಗೇ ಕಟ್ಟುತ್ತಾರೆ. ಅಜ್ಜಿ ತವರಿನ ತಾಯಿಯನ್ನು ದೂರಿದರೆ ಇವರು ಅತ್ತೆಯನ್ನು ದೂರುತ್ತಾರೆ. ಆ ಜಗಳ ತೀರುವ ಹೊತ್ತಿಗೆ ಹುಡುಗಿಗೆ ನಾಲ್ಕು ರಾತ್ರಿ ನಿದ್ದೆಯಿಲ್ಲ.

ಇನ್ನು ನೀರಿಗೆ ಹಾಕುವ ಕಟ್ಟಿನ ವಿಷಯ. ಬಾಣಂತನದಲ್ಲಿ ನಾನು ಪೂರ್ತಿ ತಳ್ಳಿಹಾಕುವುದು ಇದೊಂದನ್ನು. ಹಸಿ ಬಾಣಂತಿಗೆ ನೀರು ಹೆಚ್ಚು ಕೊಟ್ಟರೆ ಹೊಟ್ಟೆ ಇಳಿಯುವುದಿಲ್ಲ, ಶೀತವಾಗುತ್ತದೆ, ಕೂಸಿಗೆ ನೆಗಡಿಯಾಗುತ್ತದೆ ಎಂದು ದಿನಕ್ಕೆ ಒಂದೆರಡು ಲೋಟ ಕಾಸಿದ ನೀರಿನಲ್ಲಿ ಇಡುವ ಮನೆಗಳು ಇಂದಿಗೂ ಇವೆ. ಸವಣೂರಿನ ಮುಸ್ಲಿಂ ಮನೆಯ ಚಿಲ್ಲಾದ ನಲವತ್ತು ದಿನವಿರಲಿ, ಹಾನಗಲ್ಲಿನ ಲಿಂಗಾಯತರ ಮನೆಯ ಬಾಣಂತನವಿರಲಿ, ನೀರಿಗೆ ಹಾಕುವ ಕಟ್ಟು ಒಂದೇ. ಇದರ ಜೊತೆಗೆ ಹೊರಸಿನ ಕೆಳಗೆ ಕೆಂಡ, ಕಿಟಕಿ ಮುಚ್ಚಿದ ಕೋಣೆ, ಮೈತುಂಬ ಹೊದಿಕೆ, ಕೊಬ್ಬರಿ ಖಾರದ ಊಟ. ಮೈ ಬೆವೆತು ಒಣಗುತ್ತದೆ. ಹೆತ್ತ ಹೊಸತರಲ್ಲಿ ಹೆಣ್ಣಿನ ರಕ್ತ ಮೊದಲೇ ಸುಲಭವಾಗಿ ಹೆಪ್ಪುಗಟ್ಟುವಂತಿರುತ್ತದೆ, ಹೆರಿಗೆಯ ರಕ್ತಸ್ರಾವ ನಿಲ್ಲಲಿ ಎಂದು ಪ್ರಕೃತಿ ಮಾಡಿಕೊಂಡ ಏರ್ಪಾಡದು. ಅದಕ್ಕೆ ನೀರಿನ ಕೊರತೆ, ರಕ್ತಹೀನತೆ ಸೇರಿದರೆ ಮಿದುಳಿನ ಅಭಿಧಮನಿಗಳಲ್ಲೇ ರಕ್ತ ಹೆಪ್ಪುಗಟ್ಟಬಹುದು. ತಡೆಯಲಾರದ ತಲೆನೋವು, ಫಿಟ್ಸ್, ಗೊಂದಲದ ಮಾತು, ಒಂದು ಕೈಯೋ ಕಾಲೋ ಸೋಲುವುದು ಅದರ ಲಕ್ಷಣಗಳು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಡಾ. ಡಿ. ನಾಗರಾಜ ಮತ್ತು ಸಂಗಡಿಗರು ಬಾಣಂತಿಯರ ಈ ಕಾಯಿಲೆಯನ್ನು ದಶಕಗಳ ಹಿಂದೆಯೇ ವಿವರವಾಗಿ ಅಧ್ಯಯನ ಮಾಡಿದ್ದಾರೆ. ಪಶ್ಚಿಮದಲ್ಲಿ ಅಪರೂಪವಾದ ಇದು ನಮ್ಮಲ್ಲಿ ಅಷ್ಟು ಅಪರೂಪವಲ್ಲ.

ಊರಿನವರ ಕಣ್ಣಿಗೆ ಇದೂ ಸನ್ನಿಯೇ. ನಂಜೇರಿ ಜ್ವರದಲ್ಲಿ ಬಡಬಡಿಸುವುದೂ ಸನ್ನಿಯೇ. ಮೂರನ್ನೂ ಬೇರ್ಪಡಿಸಲು ಆಸ್ಪತ್ರೆಯೇ ಬೇಕು: ರಕ್ತಪರೀಕ್ಷೆ ಬೇಕು, ಕೆಲವೊಮ್ಮೆ ಮಿದುಳಿನ ಸ್ಕ್ಯಾನ್ ಬೇಕು. ಮನೆಯವರು ಏನು ಮಾಡುತ್ತಾರೆ? ತಣ್ಣೀರಿನಿಂದ ಬಂತೆಂದು ನಂಬಿದವರು ಇದ್ದ ಎರಡು ಲೋಟವನ್ನೂ ನಿಲ್ಲಿಸುತ್ತಾರೆ. ಗಾಳಿಯಿಂದ ಬಂತೆಂದು ನಂಬಿದವರು ತೆರೆದಿದ್ದ ಒಂದು ಕಿಟಕಿಯನ್ನೂ ಮುಚ್ಚುತ್ತಾರೆ, ಲೋಬಾನದ ಹೊಗೆ ಹಾಕುತ್ತಾರೆ. ಕಾಯಿಲೆಯನ್ನು ಹೆಚ್ಚಿಸುವುದನ್ನೇ ಮದ್ದೆಂದು ಕೊಟ್ಟಂತಾಯಿತು. ಬಾಣಂತನ ತಪ್ಪಿದ್ದಕ್ಕೆ ರೋಗ ಬಂತು ಎಂಬ ನಂಬಿಕೆ ನಿರುಪದ್ರವಿಯೆಂದು ಯಾರಾದರೂ ವಾದಿಸಿದರೆ ಅವರನ್ನು ಈ ಕೋಣೆಯೊಳಗೆ ಒಂದು ಹಗಲು ಕೂರಿಸಬೇಕು.

ಬಾಣಂತನವೇ ಬೇಡವೆಂದು ನಾನು ಹೇಳುತ್ತಿಲ್ಲ. ಅಂಟಿನ ಉಂಡಿ, ಎಣ್ಣೆ ತಿಕ್ಕಿ ಎರೆಯುವ ಬಿಸಿನೀರು, ಕೆಲಸ ಮುಟ್ಟಗೊಡದ ಬಿಡುವು ಇವೆಲ್ಲ ಬೇಕು. ತನ್ನ ದಿನಗೂಲಿ ಬಿಟ್ಟು ಮಗಳ ಹೊರಸಿನ ಬದಿಯಲ್ಲಿ ತಿಂಗಳುಗಟ್ಟಲೆ ಕೂರುವ ತಾಯಿಯ ಪ್ರೀತಿಗೆ ಬೆಲೆ ಕಟ್ಟಲಾಗದು. ಹಿರೇಕೆರೂರು ಕಡೆ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುವ ಹೆಂಗಸು ಹಂಗಾಮಿನಲ್ಲಿ ಮನೆಯಲ್ಲಿ ಉಳಿದಳೆಂದರೆ ಆ ವರ್ಷದ ಸಾಲ ತೀರುವುದಿಲ್ಲ. ಆದರೂ ಉಳಿಯುತ್ತಾಳೆ. ಹಸಿ ಬಾಣಂತಿನ್ನ ಒಬ್ಬಾಕಿನ್ನ ಬಿಡಬ್ಯಾಡ್ರಿ ಎಂಬ ಹಿರಿಯರ ಮಾತಂತೂ ಯಾವ ಮನೋವೈದ್ಯರೂ ಒಪ್ಪುವ ಮಾತು. ತಲೆದಿಂಬಿನಡಿ ಕುಡಗೋಲು ಇಡುವುದಕ್ಕಿಂತ ಬದಿಯಲ್ಲೊಬ್ಬರು ಎಚ್ಚರವಿರುವುದು ಎಷ್ಟೋ ಜೀವ ಉಳಿಸಿರಬೇಕು. ಇಷ್ಟೆಲ್ಲ ಮಾಡಿದ ಆ ತಾಯಿಯ ಮೇಲೆಯೇ, ಮಗಳಿಗೆ ಸನ್ನಿ ಬಂದ ದಿನ, ನೀನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬ ಆರೋಪ ಹೊರಿಸುತ್ತೇವೆ. ಇದಕ್ಕಿಂತ ಕ್ರೂರವಾದದ್ದು ನನಗೆ ತೋಚುವುದಿಲ್ಲ.

ಆರೋಪದ ಭಯ ಏನು ಮಾಡುತ್ತದೆ ಎಂಬುದನ್ನೂ ನೋಡಬೇಕು. ಚೊಚ್ಚಲ ಹೆರಿಗೆ ತವರಿನದು. ಕುಬಸ ಮುಗಿಸಿ ಕರೆತಂದ ಮಗಳನ್ನು ಕೂಸಿನ ಸಮೇತ ಸುಖವಾಗಿ ಗಂಡನ ಮನೆಗೆ ಮುಟ್ಟಿಸುವ ಹೊಣೆ ತಾಯಿ ತಂದೆಯರದು. ಅಂಥ ಮನೆಯಲ್ಲಿ ಮಗಳು ಅಸಂಬದ್ಧ ಮಾತಾಡತೊಡಗಿದರೆ ಮೊದಲ ಚಿಂತೆ ಬೀಗರಿಗೆ ಗೊತ್ತಾಗಬಾರದು ಎಂಬುದು. ಗೊತ್ತಾದರೆ, ಹುಚ್ಚು ಇದ್ದದ್ದನ್ನು ಮುಚ್ಚಿ ಮದುವೆ ಮಾಡಿದರು ಎನ್ನುತ್ತಾರೆ. ಮಗಳು ತವರಿನಲ್ಲೇ ಉಳಿಯುತ್ತಾಳೆ. ಈ ಹೆದರಿಕೆ ಅಜ್ಞಾನದಿಂದ ಬಂದದ್ದಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 13ನೆಯ ಕಲಮಿನಲ್ಲಿ ಮನೋರೋಗ ವಿಚ್ಛೇದನಕ್ಕೆ ಒಂದು ಆಧಾರ. ವಾಸಿಯಾಗದ ಕಾಯಿಲೆ, ಇಲ್ಲವೇ ಜೊತೆಗೆ ಬಾಳಲಾಗದಷ್ಟು ತೀವ್ರವಾದ ಕಾಯಿಲೆ ಎಂದು ಕಾನೂನು ಬಿಗಿ ಹಾಕಿದೆ ನಿಜ, ಸನ್ನಿಯೋ ವಾಸಿಯಾಗುವ ಕಾಯಿಲೆ. ಆದರೆ ಹಳ್ಳಿಯ ಪಂಚರ ಮುಂದೆ ಆ ಬಿಗಿ ಯಾರು ಓದಿ ಹೇಳುತ್ತಾರೆ? ಧಾರವಾಡದ ಆಸ್ಪತ್ರೆಯ ಒಂದು ಚೀಟಿ ಸಾಕು ಎಂದು ಜನ ತಿಳಿದಿದ್ದಾರೆ. ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ದೊಡ್ಡ ಚಿಕಿತ್ಸಾ ಸಂಸ್ಥೆಯಾಗಿ ಬೆಳೆದಿದ್ದರೂ ಈ ಭಾಗದಲ್ಲಿ ಧಾರವಾಡಕ್ಕ ಹಾಕಬೇಕು ಎಂಬುದು ಇವತ್ತಿಗೂ ಬೈಗುಳ.

ದೆವ್ವ ಬಡಿದಿದೆ ಎಂದರೆ ಹಾಗಲ್ಲ. ದೆವ್ವ ಹೊರಗಿನಿಂದ ಬಂದದ್ದು, ಬಂದಂತೆ ಹೋಗುವಂಥದ್ದು. ಹೋದ ಮೇಲೆ ಹುಡುಗಿ ಮೊದಲಿನ ಹುಡುಗಿಯೇ. ಅವಳ ರಕ್ತಕ್ಕೆ, ತವರಿನ ವಂಶಕ್ಕೆ, ತಂಗಿಯ ಮದುವೆಗೆ ಕಲೆ ಹತ್ತುವುದಿಲ್ಲ. ಪೂಜಾರಿ ಫೈಲು ಬರೆಯುವುದಿಲ್ಲ, ತಾಯತ ಕಟ್ಟಿದವರು ಹೆಸರು ದಾಖಲಿಸುವುದಿಲ್ಲ. ಹಾಗಾಗಿ ಜನ ಅಲ್ಲಿಗೆ ಹೋಗುತ್ತಾರೆ. ಮೂಢರು ಎಂದು ಅವರನ್ನು ಹೀಗಳೆಯುವ ಭಾಷಣಗಳಿಂದ ಒಬ್ಬಳೂ ಆಸ್ಪತ್ರೆ ಮುಟ್ಟಿಲ್ಲ. ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದನ್ನು, ಕಟ್ಟಿಹಾಕುವುದನ್ನು ಕರ್ನಾಟಕದ 2017ರ ವಾಮಾಚಾರ ತಡೆ ಕಾಯ್ದೆ ಅಪರಾಧವೆಂದಿದೆ. ಆ ಕಾಯ್ದೆ ಬೇಕು, ಬಾಣಂತಿಯ ಮೇಲೆ ಬೆತ್ತ ಎತ್ತಿದವನಿಗೆ ಶಿಕ್ಷೆಯಾಗಬೇಕು. ಆದರೆ ಪೊಲೀಸರು ಬಂದು ಹೋದರೂ ಹುಡುಗಿ ಮನೆಯಲ್ಲೇ ಇರುತ್ತಾಳೆ, ನಿದ್ದೆಯಿಲ್ಲದೆ. ಶಿಶುನಾಳ ಶರೀಫರು ಹುಟ್ಟಿದ ಶಿಗ್ಗಾಂವಿ ತಾಲೂಕಿನಲ್ಲಿ ದರ್ಗಾಕ್ಕೆ ಹಿಂದೂಗಳೂ ಗುಡಿಗೆ ಮುಸ್ಲಿಮರೂ ನಡೆದುಕೊಳ್ಳುವುದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅಲ್ಲಿಗೆ ಹೋಗುವವರು ಹೋಗಲಿ. ಮೊದಲು ಇಂಜೆಕ್ಷನ್, ಆಮೇಲೆ ಹರಕೆ ಎಂದು ಅಲ್ಲಿನ ಹಿರಿಯರೇ ಹೇಳಿದರೆ ಆ ಮಾತಿಗೆ ಡಾಕ್ಟರರ ಮಾತಿಗಿಂತ ಹೆಚ್ಚು ತೂಕ ಬರುತ್ತದೆ.

ಸಂಸ್ಕೃತಿಗೂ ಈ ಕಾಯಿಲೆಗೂ ಸಂಬಂಧವೇ ಇಲ್ಲವೆಂದು ನಾನು ವಾದಿಸುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಸಂಬಂಧವಿದೆ, ಆದರೆ ನಾವು ಹುಡುಕುವ ಕಡೆ ಇಲ್ಲ. ಕಾಯಿಲೆ ಯಾರಿಗೆ ಬರುತ್ತದೆ ಎಂಬುದನ್ನು ಸಂಸ್ಕೃತಿ ನಿರ್ಧರಿಸುವುದಿಲ್ಲ. ಬಂದ ಕಾಯಿಲೆ ಎಷ್ಟು ದಿನ ಮುಚ್ಚಿಡಲ್ಪಡುತ್ತದೆ, ಮೊದಲು ಯಾರ ಬಳಿ ಹೋಗುತ್ತದೆ, ವಾಸಿಯಾದ ಮೇಲೆ ಆ ಹೆಣ್ಣು ಯಾರ ಮನೆಯಲ್ಲಿ ಬಾಳುತ್ತಾಳೆ ಎಂಬುದನ್ನೆಲ್ಲ ಸಂಸ್ಕೃತಿಯೇ ನಿರ್ಧರಿಸುತ್ತದೆ.

ಈ ನಿರ್ಧಾರ ಎಷ್ಟು ಚಿಕ್ಕ ಜಾಗದಲ್ಲಿ ನಡೆಯುತ್ತದೆ ಎಂಬುದನ್ನು ನೋಡಲು ಆಶಾ ಕಾರ್ಯಕರ್ತೆಯ ಕೈಯಲ್ಲಿರುವ ಫಾರಂ ನೋಡಿ. ಆಸ್ಪತ್ರೆಯಲ್ಲಿ ಹಡೆದವಳ ಮನೆಗೆ ಆಕೆ 3, 7, 14, 21, 28 ಮತ್ತು 42ನೆಯ ದಿನ ಹೋಗಬೇಕು. ಸನ್ನಿ ತಲೆಯೆತ್ತುವ ದಿನಗಳೂ ಇವೇ, ಮೊದಲ ಮೂರು ಭೇಟಿಗಳಂತೂ ಅಳೆದು ಇಟ್ಟಂತಿವೆ. ಕೂಸಿನ ತೂಕ, ಮೈಬಿಸಿ, ಹೊಕ್ಕಳು, ತಾಯಿಯ ರಕ್ತಸ್ರಾವ, ಜ್ವರಗಳ ನಡುವೆ ತಾಯಿ ಅಸಹಜವಾಗಿ ಮಾತಾಡುತ್ತಿದ್ದಾಳೆಯೇ, ಫಿಟ್ಸ್ ಬರುತ್ತಿದೆಯೇ ಎಂಬರ್ಥದ ಪ್ರಶ್ನೆಯೂ ಆ ಫಾರಂನಲ್ಲಿದೆ. ಹೌದು ಎಂದಾದರೆ ಆಸ್ಪತ್ರೆಗೆ ಕಳಿಸಬೇಕು. ಪ್ರಶ್ನೆ ಇದೆ, ಆದರೆ ಅದನ್ನು ಕೇಳುವುದು ಹೇಗೆ? ಆಶಾ ಅದೇ ಓಣಿಯವಳು, ಎಷ್ಟೋ ಸಲ ಅದೇ ಬಳಗದವಳು. ಸುತ್ತ ಚಿಕ್ಕಮ್ಮ, ಅಜ್ಜಿ, ನೆರೆಮನೆಯವರು ಕುಳಿತಿರುವಾಗ ನಿಮ್ಮ ಹುಡಿಗಿ ಏನರ ಹುಚ್ಚುಚ್ಚರ ಮಾತಾಡ್ತಾಳೇನ್ರಿ ಎಂದು ಕೇಳಿದರೆ ಮರುದಿನ ಆ ಬಾಗಿಲು ಅವಳಿಗೆ ತೆರೆಯುವುದಿಲ್ಲ. ಆರು ಭೇಟಿಗೂ ಸೇರಿ ಕೇಂದ್ರ ನಿಗದಿ ಮಾಡಿದ ಪ್ರೋತ್ಸಾಹಧನ 250 ರೂಪಾಯಿ. ಕೇಳದೆಯೇ ಇಲ್ಲ ಎಂದು ಗುರುತು ಹಾಕಿದರೆ ಆಕೆಯನ್ನು ನಾನು ದೂಷಿಸಲಾರೆ.

ಅದೇ ಪ್ರಶ್ನೆಯನ್ನು ಬೇರೆ ಬಗೆಯಲ್ಲಿ ಕೇಳಬಹುದು. ಕೂಸು ಮಕ್ಕೊಂಡಾಗ ನಿನಗ ನಿದ್ದಿ ಬರತದೇನವ್ವಾ? ಈ ಮಾತು ಯಾರ ಮುಂದೆಯಾದರೂ ಕೇಳುವಂಥದ್ದು, ಯಾರಿಗೂ ಅವಮಾನವಾಗದ್ದು. ಕೂಸು ಅಳುವುದರಿಂದ ನಿದ್ದೆಗೆಡುವುದು ಎಲ್ಲ ಬಾಣಂತಿಯರ ಪಾಡು. ಕೂಸು ಮಲಗಿದ್ದರೂ, ಅವಕಾಶವಿದ್ದರೂ, ಎರಡು ರಾತ್ರಿ ನಿದ್ದೆ ಬಾರದಿರುವುದು ಅಪಾಯದ ಮೊದಲ ಗುರುತು. ಇದನ್ನು ಆಶಾಗಳಿಗೆ ಕಲಿಸಲು ಹೊಸ ಯೋಜನೆ ಬೇಕಿಲ್ಲ, ಒಂದು ಮಧ್ಯಾಹ್ನದ ತರಬೇತಿ ಸಾಕು. ಇನ್ನೊಂದು ತೊಡಕಿದೆ. ಹಿರೇಕೆರೂರಿನಲ್ಲಿ ತಾಯಿ ಕಾರ್ಡ್ ಮಾಡಿಸಿದ ಬಸುರಿ ಏಳನೆಯ ತಿಂಗಳಿಗೆ ಸವಣೂರು ತಾಲೂಕಿನ ತವರಿಗೆ ಬಂದಿರುತ್ತಾಳೆ. ಗಂಡನೂರಿನ ಆಶಾ ಪಟ್ಟಿಯಲ್ಲಿ ಹೆಸರಿದೆ, ಆಳಿಲ್ಲ. ತವರೂರಿನ ಆಶಾ ಮುಂದೆ ಆಳಿದ್ದಾಳೆ, ಪಟ್ಟಿಯಲ್ಲಿ ಹೆಸರಿಲ್ಲ. ಕಾಯಿಲೆ ಹುಟ್ಟುವುದು ಸರಿಯಾಗಿ ಈ ಸಂದಿನಲ್ಲಿ.

ಆಸ್ಪತ್ರೆಗೆ ಹೊರಟರೂ ದಾರಿ ಸುಲಭವಲ್ಲ. ಹೆದ್ದಾರಿಯ ಮೇಲಿರುವ ಶಿಗ್ಗಾಂವಿಗೆ ಹುಬ್ಬಳ್ಳಿ ಧಾರವಾಡ ಹತ್ತಿರ. ಹಿರೇಕೆರೂರಿನ ಒಳಹಳ್ಳಿಯಿಂದ ಹೊರಟವರಿಗೆ ಅರ್ಧ ದಿನದ ಮಾತು. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ 2014ರಲ್ಲಿ ಶುರುವಾಯಿತು. ಹಳೆಯ ರೋಗಿಗಳಿಗೆ ಇದರಿಂದ ಬಹಳ ಅನುಕೂಲವಾಗಿದೆ. ಆದರೆ ಬುಧವಾರ ಸನ್ನಿ ಹಿಡಿದವಳಿಗೆ ಮುಂದಿನ ಮಂಗಳವಾರದವರೆಗೆ ಕಾಯಲಾಗುವುದಿಲ್ಲ. 2022ರ ಅಕ್ಟೋಬರಿನಿಂದ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. ಹೆರಿಗೆ ವಾರ್ಡಿನ ಗೋಡೆಗಳ ಮೇಲೆ ಲಸಿಕೆಯ ಪಟ್ಟಿಯ ಪಕ್ಕದಲ್ಲಿ ಈ ಐದು ಅಂಕಿ ದೊಡ್ಡದಾಗಿ ಬರೆದಿರಬೇಕು.

ಚಿಕಿತ್ಸೆ ಫಲಿಸುತ್ತದೆ ಎಂಬುದನ್ನು ಒತ್ತಿ ಹೇಳಲೇಬೇಕು, ಏಕೆಂದರೆ ಅದನ್ನು ನಂಬದವರೇ ಹೆಚ್ಚು. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮಿನಲ್ಲಿ ಇಂಥ 64 ಬಾಣಂತಿಯರಿಗೆ ಮೊದಲು ನಿದ್ದೆಯ ಔಷಧಿ, ಆಮೇಲೆ ಭ್ರಮೆ ತಗ್ಗಿಸುವ ಔಷಧಿ, ಬೇಕಾದರೆ ಲಿಥಿಯಂ ಎಂದು ಹಂತಹಂತವಾಗಿ ಕೊಟ್ಟಾಗ ಒಬ್ಬಳನ್ನುಳಿದು ಎಲ್ಲರೂ ಗುಣಮುಖರಾದರೆಂದು 2015ರಲ್ಲಿ ವರದಿಯಾಯಿತು. ಮನಸ್ಸಿನ ಇಷ್ಟು ಉಗ್ರವಾದ ಕಾಯಿಲೆ ಇಷ್ಟು ಚೆನ್ನಾಗಿ ವಾಸಿಯಾಗುವುದು ಅಪರೂಪ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಪ್ರಭಾ ಚಂದ್ರ ಮತ್ತು ತಂಡದವರು 2009ರಲ್ಲಿ ತಾಯಿ ಮಗುವಿನ ವಿಭಾಗ ತೆರೆದರು. ಕೂಸು ತಾಯಿಯ ಜೊತೆಗೇ ಇರುತ್ತದೆ, ಮನೆಯ ಒಬ್ಬ ಹೆಂಗಸು ಸಂಗಡ ಉಳಿಯುತ್ತಾಳೆ. ಕೂಸನ್ನು ಕಿತ್ತುಕೊಳ್ಳುತ್ತಾರೆ ಎಂಬ ಹೆದರಿಕೆಯಿಂದಲೇ ಎಷ್ಟೋ ಮನೆಗಳು ಹಿಂಜರಿಯುತ್ತವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಚಿಕಿತ್ಸೆಯಲ್ಲಿರುವ ತಾಯಿಯಿಂದ ಅಗಲಿಸಬಾರದು ಎನ್ನುತ್ತದೆ. ತವರಿನ ತಾಯಿ ಆಸ್ಪತ್ರೆಯ ವಾರ್ಡಿನಲ್ಲೇ ಮಗಳ ಬಾಣಂತನ ಮುಂದುವರಿಸಬಹುದು ಎಂದಾಯಿತು. ಆದರೆ ಹಾವೇರಿಯಿಂದ ಬೆಂಗಳೂರು 300 ಕಿಲೋಮೀಟರಿಗೂ ಮೇಲೆ. ಅಂಥದೊಂದು ವಾರ್ಡು, ನಾಲ್ಕೈದು ಹಾಸಿಗೆಯದಾದರೂ ಸರಿ, ಈ ಭಾಗದ ಹೆಂಗಸರಿಗೆ ಹತ್ತಿರದಲ್ಲಿ ಬೇಕು. ಬಾಣಂತನದ ಹಿರಿಮೆ ಕುರಿತು ಭಾಷಣ ಮಾಡುವ ಜನಪ್ರತಿನಿಧಿಗಳು ಕೇಳಬೇಕಾದದ್ದು ಇದನ್ನು.

ಕೂಸು ಸತ್ತ ಮನೆಗಳ ಬಗ್ಗೆಯೂ ಬರೆಯಬೇಕು. ಬಾಣಂತಿ ಕೂಸಿನೊಂದಿಗೆ ಬಾವಿಗೆ ಬಿದ್ದ ಸುದ್ದಿ ಬಂದಾಗ ಕೌಟುಂಬಿಕ ಕಲಹ ಎಂದು ಬರೆದು ಮುಗಿಸುತ್ತೇವೆ. ಕೂಸು ಸತ್ತು ತಾಯಿ ಉಳಿದರೆ ಅವಳನ್ನು ಕಟುಕಿ ಎನ್ನುತ್ತೇವೆ. ಹೆತ್ತ ಹೊಸತರಲ್ಲಿ ಮನಸ್ಸಿನ ಸಮತೋಲ ತಪ್ಪಿ ತಾಯಿ ಕೂಸನ್ನು ಕೊಂದರೆ ಅದನ್ನು ಕೊಲೆಯೆಂದು ಕಾಣಬಾರದೆಂದು ಇಂಗ್ಲೆಂಡ್ 1922ರಲ್ಲೇ ಪ್ರತ್ಯೇಕ ಕಾನೂನು ಮಾಡಿತು. ನಮ್ಮಲ್ಲಿ ಅಂಥ ಕಾನೂನಿಲ್ಲ. ಬುದ್ಧಿಭ್ರಮೆಯಿತ್ತೆಂಬ ರಕ್ಷಣೆ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮಿನಲ್ಲಿದೆ, ಅದನ್ನು ಸಾಬೀತು ಮಾಡುವ ಹೊಣೆ ಆರೋಪಿಯದು. ಆಸ್ಪತ್ರೆಯ ಚೀಟಿಯೇ ಬೇಡವೆಂದು ಮುಚ್ಚಿಟ್ಟ ಮನೆಯವಳು ಯಾವ ಕಾಗದ ತಂದು ಸಾಬೀತು ಮಾಡುತ್ತಾಳೆ? ಮದುವೆ ಉಳಿಸಲೆಂದು ಅಡಗಿಸಿದ ಕಾಯಿಲೆಯೇ ನ್ಯಾಯಾಲಯದಲ್ಲಿ ಅವಳನ್ನು ಉಳಿಸಬಹುದಾಗಿದ್ದ ಏಕೈಕ ಸಾಕ್ಷಿ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಎರಡನೆಯ ಹೆರಿಗೆ. ಚಿಕಿತ್ಸೆ ಸಿಕ್ಕೋ ಸಿಗದೆಯೋ, ಕೆಲವು ತಿಂಗಳಲ್ಲಿ ಹುಡುಗಿ ಸುಧಾರಿಸುತ್ತಾಳೆ. ಸನ್ನಿ ಬಂದಿತ್ತು, ಹೋಯಿತು ಎಂದು ಎಲ್ಲರೂ ಮರೆಯುತ್ತಾರೆ. ಎರಡು ಮೂರು ವರ್ಷಕ್ಕೆ ಮತ್ತೆ ಬಸಿರು. ಒಮ್ಮೆ ಬಂದವಳಿಗೆ ಮುಂದಿನ ಹೆರಿಗೆಯಲ್ಲಿ ಮತ್ತೆ ಬರುವ ಸಂಭವ ಸಾವಿರಕ್ಕೊಂದಲ್ಲ, ಸುಮಾರು ಮೂರರಲ್ಲಿ ಒಂದು. ಹೋದ ಸಲ ತಣ್ಣೀರಿನಿಂದ ಬಂತೆಂದು ನಂಬಿದ ಮನೆ ಈ ಸಲ ನೀರಿಗೆ ಇನ್ನೂ ಬಿಗಿ ಹಾಕುತ್ತದೆ, ಕಿಟಕಿಗೆ ಗೋಣಿ ಹೊದಿಸುತ್ತದೆ, ಐದನೆಯ ರಾತ್ರಿಯ ಶೆಟಗೆವ್ವನ ಪೂಜೆಯನ್ನು ಇನ್ನಷ್ಟು ಭಕ್ತಿಯಿಂದ ಮಾಡಿ ಬಾಣಂತಿಯನ್ನೂ ಎಚ್ಚರವಿರಿಸುತ್ತದೆ. ಕೇಳಬೇಕಾದ ಒಂದೇ ಒಂದು ಮಾತನ್ನು ಹೆರಿಗೆ ವಾರ್ಡಿನ ನರ್ಸ್ ಕೇಳುವುದಿಲ್ಲ, ಹೇಳಬೇಕಾದವರು ಹೇಳುವುದಿಲ್ಲ. ಹೇಳಿದ್ದರೆ ಏಳನೆಯ ತಿಂಗಳಿನಲ್ಲೇ ಮನೋವೈದ್ಯರನ್ನು ಕಾಣಬಹುದಿತ್ತು. ಹೆತ್ತ ದಿನದಿಂದಲೇ ಔಷಧಿ ಆರಂಭಿಸಿ ಮರುಕಳಿಸದಂತೆ ತಡೆಯುವ ದಾರಿಯಿದೆ, ಅದನ್ನು ಹಿಡಿಯಬಹುದಿತ್ತು. ಎದೆಹಾಲಿನ ಪ್ರಶ್ನೆಯನ್ನು ಮೊದಲೇ ಕೂತು ತೀರ್ಮಾನಿಸಬಹುದಿತ್ತು. ರಾತ್ರಿಯ ಕೂಸಿನ ಪಾಳಿಯನ್ನು ಅಜ್ಜಿ, ಚಿಕ್ಕಮ್ಮ, ಕೂಸಿನ ಅಪ್ಪ ಹಂಚಿಕೊಂಡು ಬಾಣಂತಿಗೆ ಆರು ತಾಸು ಒಂದೇ ಸಮನೆ ನಿದ್ದೆ ಸಿಗುವಂತೆ ಮಾಡಬಹುದಿತ್ತು. ಇವೆಲ್ಲ ನಡೆಯಲು ತಾಯಿ ಕಾರ್ಡಿನಲ್ಲಿ ಒಂದು ಸಾಲು ಬರೆದಿರಬೇಕು: ಹಿಂದಿನ ಹೆರಿಗೆಯ ನಂತರ ಮನೋರೋಗ ಬಂದಿತ್ತು. ರಕ್ತದೊತ್ತಡವನ್ನು, ಹಿಂದಿನ ಸಿಸೇರಿಯನ್ನನ್ನು ಬರೆಯುವ ಹಾಗೆಯೇ, ಅದೇ ಪೆನ್ನಿನಿಂದ, ಗಂಡನ ಮನೆಯವರ ಎದುರಿಗೇ.